ಪುಂಡಲೀಕ ಕಾಮತರು ಬರೆಯದೆ ಬಿಟ್ಟ ಅಧ್ಯಾಯ

ವಸಾಹತು ಆಡಳಿತದ ಇತಿಹಾಸವನ್ನು ಬಲ್ಲವರ ನಡುವೆ ಡಾ. ಪುಂಡಲೀಕ ಕಾಮತರದು ಗೌರವದ ಹೆಸರು. ಹಾಂಗ್‌ಕಾಂಗ್ ಗವರ್ನರರ ಕಾರ್ಯಕಾರಿ ಮಂಡಳಿಯಲ್ಲಿ ಸೇನಾಧಿಪತಿಗೆ ಸ್ಥಾನವೇಕಿತ್ತು, ಸಾರ್ವಭೌಮತ್ವ ಕೈಬದಲಾಗುವ ದಿನ ಹತ್ತಿರವಾದಂತೆ ಅಲ್ಲಿ ಕುಳಿತವರ ಮಾತಿಗೆ ಎಷ್ಟು ತೂಕ ಉಳಿದಿತ್ತು ಎಂಬ ಪ್ರಶ್ನೆಗಳ ಬೆನ್ನುಹತ್ತಿದ ಅವರು, ಅಮೆರಿಕದ ಗೈದರ್ಸ್‌ಬರ್ಗ್ ಸಮೀಪದ ಕಾಲೇಜೊಂದರಲ್ಲಿ ಇಪ್ಪತ್ತೊಂಬತ್ತು ವರ್ಷ ಪಾಠ ಹೇಳಿ, ಈ ಮೇ ತಿಂಗಳಲ್ಲಿ ನಿವೃತ್ತರಾದರು.

೨೦೨೦ರಲ್ಲಿ ಹಾಸ್ಟೆಲುಗಳು ಮುಚ್ಚಿದಾಗ, ತನ್ನ ಊರಾದ ಕಮ್ಮಿಂಗ್‌ನಲ್ಲಿ ಅಪ್ಪನಿಗೇ ಕೋವಿಡ್ ಆಗಿ ಊರಿಗೆ ಹೋಗಲಾರದೆ ನಿಂತ ವಿದ್ಯಾರ್ಥಿನಿ ಅಕ್ಷಯಾಳಿಗೆ ಕಾಮತರೂ ಅವರ ಪತ್ನಿ ಇಂದು ಅವರೂ ಬೇಸ್‌ಮೆಂಟಿನ ಕೋಣೆ ಬಿಟ್ಟುಕೊಟ್ಟರು. ಮರುವರ್ಷ ಅವರ ಹಾಂಗ್‌ಕಾಂಗ್ ಗ್ರಂಥಕ್ಕೆ ಸಹಾಯಕಿಯಾದದ್ದೂ ಅವಳೇ.

ಲಸಿಕೆಯಾದ ಮೇಲೆ ಕಾಮತರೂ ಅಕ್ಷಯಾಳೂ ಸಮೀಪದ ಹರ್ನ್‌ಡನ್‌ಗೆ ಹೋದರು. ಅಲ್ಲಿ ಮಗಳ ಮನೆಯಲ್ಲಿದ್ದ ಮಂಗಳೂರಿನ ಗುಲಾಬಿ ಆಂಟಿ ಎಂಬತ್ತರ ದಶಕದಲ್ಲಿ ಹಾಂಗ್‌ಕಾಂಗ್ ಸರ್ಕಾರದಲ್ಲಿ ಸ್ಟೆನೋ ಆಗಿದ್ದವರು. ಮಂಡಳಿಯ ಸಭೆಗಳ ಟಿಪ್ಪಣಿಗಳನ್ನು ಟೈಪ್ ಮಾಡಿದವರು. ಆ ಮಧ್ಯಾಹ್ನ ಅವರು ತಡೆಯಿಲ್ಲದೆ ಮಾತಾಡಿದರು. ಧ್ವನಿಮುದ್ರಣವನ್ನು ಅಕ್ಷರಕ್ಕಿಳಿಸಿದಾಗ ನಲವತ್ತು ಪುಟವಾಯಿತು. ಯಾವ ದಫ್ತರದಲ್ಲೂ ಸಿಗದ ಸಾಕ್ಷ್ಯ. ಗ್ರಂಥದ ನಡುವಣ ಅಧ್ಯಾಯ ಅದರ ಮೇಲೆಯೇ ನಿಲ್ಲಬೇಕಿತ್ತು.

ವಾರ ಕಳೆದು ಆಂಟಿಯ ಫೋನ್ ಬಂತು.

“ಕೆಲಸಕ್ಕೆ ಸೇರುವಾಗ ಏನೂ ಹೊರಗೆ ಹೇಳುವುದಿಲ್ಲ ಅಂತ ಸಹಿ ಹಾಕಿದ್ದೆ. ನನಗೆ ನಿದ್ದೆ ಬರುವುದಿಲ್ಲ ಮಾರಾಯ್ರೆ.”

“ಆ ಸರ್ಕಾರವೇ ಈಗ ಇಲ್ಲವಲ್ಲ,” ಎಂದರು ಕಾಮತರು.

“ಸರ್ಕಾರ ಹೋಯಿತು ಅಂತ ನನ್ನ ಮಾತು ಹೋಗುತ್ತದಾ?”

“ಇಲ್ಲ, ಹೋಗುವುದಿಲ್ಲ,” ಎಂದರು ಕಾಮತರು. ಅಕ್ಷಯಾ ನೋಡುತ್ತಿದ್ದಂತೆಯೇ ಧ್ವನಿಮುದ್ರಣವನ್ನು ಅಳಿಸಿದರು. ಪುಟಗಳನ್ನು ಹರಿಯಲು ಅವಳ ಕೈಗೇ ಕೊಟ್ಟರು. ಅವಳಿಗೆ ಅಳು ಬಂತು. ಒಂದು ವಾರದ ಕೆಲಸ ಹೋಯಿತೆಂದಲ್ಲ, ಅವರಿಗೆ ಇಂಥ ಇನ್ನೊಂದು ಸಾಕ್ಷ್ಯ ಸಿಗದೆಂದು.

ಹಾಗೆಯೇ ಆಯಿತು. ೨೦೨೨ರಲ್ಲಿ ಗ್ರಂಥ ಬಂದಾಗ ವಿಮರ್ಶಕರೊಬ್ಬರು ನಡುವಣ ಅಧ್ಯಾಯ ಪೊಳ್ಳೆಂದು ಬರೆದರು. ಪೂರ್ಣ ಪ್ರಾಧ್ಯಾಪಕರಾಗುವ ಬಡ್ತಿ ಅದೇ ಕಾರಣಕ್ಕೆ ತಪ್ಪಿತು.

“ಸರ್, ಸಾಕ್ಷಿ ಇತ್ತು ಅಂತಾದ್ರೂ ಎಕ್ಸ್‌ಪ್ಲೇನ್ ಮಾಡಬಹುದಿತ್ತಲ್ಲ?” ಎಂದು ಅಕ್ಷಯಾ ಕೇಳಿದಳು.

“ಇತ್ತು ಅಂದರೆ ಯಾರು ಅಂತ ಕೇಳ್ತಾರಮ್ಮ. ಆ ಆಫೀಸಲ್ಲಿದ್ದು ಇಲ್ಲಿಗೆ ಬಂದವರು ಎಷ್ಟು ಜನ ಇದ್ದಾರೆ?”

ಆ ಮಾತನ್ನು ಅವರು ಮತ್ತೆ ಎತ್ತಲಿಲ್ಲ. ಎಂದಿನಂತೆ ಪಾಠ ಹೇಳಿದರು. ವಿದ್ಯಾರ್ಥಿಗಳ ಕರಡುಗಳ ಅಂಚಿನಲ್ಲಿ ಪೆನ್ಸಿಲಿನಿಂದಲೇ, ಮೃದುವಾಗಿಯೇ ತಿದ್ದಿದರು.

ಈಗ ಶಾರ್ಲೆಟ್‌ನಲ್ಲಿ ಉಪನ್ಯಾಸಕಿಯಾಗಿರುವ ಅಕ್ಷಯಾ ಇದನ್ನೆಲ್ಲ ಇಂದಿನವರೆಗೆ ಯಾರಲ್ಲೂ ಹೇಳಿರಲಿಲ್ಲ. ಕಾಮತರ ನಿವೃತ್ತಿಗೆಂದು ತರುತ್ತಿರುವ ಈ ಅಭಿನಂದನ ಸಂಪುಟದ ಸುದ್ದಿ ಕೇಳಿ, ಎಂಬತ್ತೆರಡರ ಗುಲಾಬಿ ಆಂಟಿ ತಾವಾಗಿಯೇ ಅವಳಿಗೆ ಫೋನ್ ಮಾಡಿದರು.

“ನನ್ನ ಹೆಸರು ಹಾಕಿ ಬರೆಸು ಮಗಾ. ನಾನು ಏನು ಹೇಳಿದೆ ಅಂತ ಬೇಡ. ಅವರು ಅಳಿಸಿದರು ಅಂತ ಮಾತ್ರ ಬರಲಿ.”

ಅವರ ಇಚ್ಛೆಯಂತೆ ಇಲ್ಲಿ ಬಂದಿದೆ. ಕಾಮತರಿಗೆ ನೂರು ತುಂಬಲಿ, ಪತ್ನಿ ಇಂದು ಅವರೊಡನೆ ನೆಮ್ಮದಿಯಾಗಿರಲಿ, ಇನ್ನೂ ಬರೆಯಲಿ. ಅವರ ಗ್ರಂಥವನ್ನು ಓದುವವರು ನಡುವಣ ಅಧ್ಯಾಯಕ್ಕೆ ಬಂದಾಗ ಸ್ವಲ್ಪ ನಿಧಾನವಾಗಿ ಓದಲಿ.