ಮಂಗಳವಾರದ ನೀರು

ಕುಡಿಯುವ ನೀರಿನ ಪರೀಕ್ಷೆಗೆ ನಮ್ಮ ಸೀಮೆಯಲ್ಲಿ ಘನತೆ ತಂದವರು ಯಾರೆಂದು ಕೇಳಿದರೆ, ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲಿನ ಎಂಜಿನಿಯರರೂ ವಾಲ್ ತಿರುಗಿಸುವವರೂ ಒಂದೇ ಹೆಸರು ಹೇಳುತ್ತಾರೆ: ಶ್ರೀಮತಿ ರೋಷನಬಿಯವರು. ಮೂವತ್ತನಾಲ್ಕು ವರ್ಷಗಳ ಸೇವೆ ಮುಗಿಸಿ ಈ ತಿಂಗಳು ನಿವೃತ್ತರಾಗುತ್ತಿರುವ ಈ ರಸಾಯನಶಾಸ್ತ್ರಜ್ಞೆಯ ಬಗ್ಗೆ ಬರೆಯುವುದು ಹೆಮ್ಮೆಯ ಸಂಗತಿ; ಅವರು ಓದಿ ತಪ್ಪು ಹುಡುಕುತ್ತಾರೆಂಬ ಅಂಜಿಕೆಯೂ ಅಷ್ಟೇ ಇದೆ.

ಬಾದಾಮಿಯಲ್ಲಿ ಸೇವೆ ಆರಂಭಿಸಿದ ಅವರು ಚೊಳಚಗುಡ್ಡದ ಹೆಣ್ಣುಮಕ್ಕಳಿಗೆ ಕೊಡದೊಳಗಿನ ನೀರನ್ನು ತಾವೇ ಪರೀಕ್ಷಿಸಿ ತಿಳಿಯುವುದನ್ನು ಕಲಿಸಿದರು. ಬೇವೂರಿನಲ್ಲಿ ಬ್ಲೀಚಿಂಗ್ ಪುಡಿಯಿಂದ ಅಂಗೈ ಸುಟ್ಟುಕೊಂಡ ನೌಕರನಿಗೆ ತಮ್ಮ ಕೈಗವಸು ಬಿಚ್ಚಿಕೊಟ್ಟು, ಮೇಲಿನವರ ಬೆನ್ನು ಬಿದ್ದು ಎಲ್ಲರಿಗೂ ಕೊಡಿಸಿದರು. ಮಾತು ಬಿರುಸು, ಮನಸ್ಸು ಮೆತ್ತಗೆ. ಆಮೇಲೆ ಹುನಗುಂದಕ್ಕೆ ವರ್ಗವಾಯಿತು.

ಅಲ್ಲಿ ಅವರ ಪಾಲಿಗೆ ಬಂದ ಊರುಗಳಲ್ಲಿ ಇಳಕಲ್ಲಿನ ಹತ್ತಿರದ್ದೊಂದಿತ್ತು. ಹೆಸರು ಇಲ್ಲಿ ಬೇಡ. ಆ ಊರಿಗೆ ವಾರಕ್ಕೆರಡು ಸಲ, ಮಂಗಳವಾರ ಮತ್ತು ಶನಿವಾರ, ಹೊಳೆಯ ನೀರು ಬಿಡುತ್ತಿದ್ದರು. ಇಲಾಖೆಯ ಜೀಪು ಸಿಗುತ್ತಿದ್ದುದು ಮಂಗಳವಾರ. ಹೀಗಾಗಿ ಹನ್ನೊಂದು ವರ್ಷ ಮಂಗಳವಾರವೇ ಮಾದರಿ ತೆಗೆದು, 'ಕುಡಿಯಲು ಯೋಗ್ಯ' ಎಂದು ಬರೆದು ಸಹಿ ಮಾಡಿದರು. ಒಂದು ವರದಿಯಲ್ಲೂ ಸುಳ್ಳಿರಲಿಲ್ಲ.

ಆರು ವರ್ಷಗಳ ಹಿಂದೆ, ಮಳೆಗಾಲದ ಒಂದು ಶನಿವಾರ, ಆ ಊರಿನ ಕೊನೆಯ ಓಣಿಯ ಮೂರು ಮಕ್ಕಳು ವಾಂತಿಭೇದಿಯಿಂದ ದವಾಖಾನೆ ಸೇರಿದ ಸುದ್ದಿ ಬಂತು. ರೋಷನಬಿಯವರು ಬಸ್ಸು ಹತ್ತಿದರು. ಮಧ್ಯಾಹ್ನ ಎರಡೂವರೆಗೆ ಓಣಿ ಮುಟ್ಟಿದಾಗ ಬಾನುಬಿ ಎಂಬ ಮುದುಕಿ ಕೊಡದಿಂದ ಬಾಟಲಿಗೆ ನೀರು ತುಂಬುತ್ತಿದ್ದಳು. ದವಾಖಾನೆಯಲ್ಲಿದ್ದ ಮೊಮ್ಮಗಳು ಮಲಿಕಾಳಿಗೆ ಕಳಿಸಲು.

"ದವಾಖಾನಿ ನೀರ ಕೂಸಿಗಿ ಸೇರಾಂಗಿಲ್ರಿ. ಇದು ಹ್ವಾದ ಶನಿವಾರದ್ದು, ಸಿಹಿ ಇರ್ತೈತಿ. ಓಣ್ಯಾಗ ಎಲ್ಲಾರೂ ಕುಡ್ಯಾಕ ಇದನ್ನ ತುಂಬಿಡ್ತೇವಿ."

"ಮತ್ತ ಮಂಗಳವಾರದ್ದು?"

"ಅದು ಭಾಳ ಔಷಧಿ ವಾಸ್ನಿರಿ. ಬಟ್ಟಿ ಒಗ್ಯಾಕ."

ರೋಷನಬಿಯವರು ಬಾಟಲಿ ಕಸಿದುಕೊಂಡರು. ಮುದುಕಿ ಬೈಯುತ್ತಿದ್ದಂತೆಯೇ ಟ್ಯಾಂಕಿನ ಕಡೆಗೆ ಓಡಿದರು.

ಟ್ಯಾಂಕಿನ ನೀರಿಗೆ ಪರೀಕ್ಷೆಯ ಔಷಧದ ಹನಿ ಬಿಟ್ಟರು. ಕ್ಲೋರಿನ್ ಇದ್ದರೆ ಹಳದಿ ಬರಬೇಕು, ಬರಲಿಲ್ಲ. ನೀರು ಬಿಡುವ ಅಮಾತೆಪ್ಪ ತಲೆ ತಗ್ಗಿಸಿದ.

"ಬೋರಿನ ನೀರ ಗಡಸ್ರಿ ಅಕ್ಕಾರ, ಬಣ್ಣ ಹಿಡ್ಯಾಂಗಿಲ್ಲ. ಹೊಳಿ ನೀರಿಗಿ ಬ್ಲೀಚಿಂಗ್ ಹಾಕಿದ್ರ ರೇಷ್ಮಿ ಬಣ್ಣ ಬಿಡ್ತೈತಿ. ಬಣ್ಣದವ್ರ ಹೊಟ್ಟಿ ಮ್ಯಾಲ ಹೆಂಗ ಹೊಡೀಲಿ? ಶನಿವಾರ ಒಂದಿನ ಹಾಕಾಂಗಿಲ್ಲ."

ಲಂಚದ ಮಾತೇ ಇರಲಿಲ್ಲ; ಬರೀ ಕರುಣೆ. ಆ ಊರಲ್ಲಿ ಸೀರೆಯ ನೂಲಿಗೆ ಬಣ್ಣ ಹಾಕುವವರಲ್ಲಿ ರೋಷನಬಿಯವರ ಸ್ವಂತ ತಮ್ಮ ಖಾಸಿಂಸಾಬನೂ ಒಬ್ಬ. ನೀರು ಬಿಡಬೇಡವೆಂದು ಅಕ್ಕ ಹೇಳಿದ್ದು ಕೇಳಿ ಅವನೇ ಓಡಿಬಂದ.

"ಆಪಾ, ರೇಷ್ಮಿ ಹಂಡೇದಾಗ ಐತಿ. ನಾಕಕ್ಕ ನೀರ ಬರ್ಲಿಲ್ಲಂದ್ರ ನಾ ಮುಗದೆ."

"ರೇಷ್ಮಿ ಹೋದ್ರ ನನ್ನ ಬೈ, ಖಾಸಿಂ. ಕೂಸು ಹೋದ್ರ ಯಾರನ್ನ ಬೈತಿ?"

ನೀರು ನಿಲ್ಲಿಸುವ ಅಧಿಕಾರ ಅವರಿಗಿರಲಿಲ್ಲ. ಪರೀಕ್ಷಿಸಿ ವರದಿ ಕೊಡುವುದಷ್ಟೇ ಅವರ ಕೆಲಸ. ಕೊಳೆ ಬೆರೆತಿದ್ದರೆ ಕಪ್ಪಾಗುವ ಶೀಸೆಗೆ ಬಾನುಬಿಯ ಬಾಟಲಿಯ ನೀರು ಹಾಕಿದ್ದರು, ಆದರೆ ಅದು ಕಪ್ಪಾಗಲು ಒಂದಿಡೀ ದಿನ ಬೇಕು. ಆಗದಿದ್ದರೆ ಬರೀ ಅನುಮಾನದ ಮೇಲೆ ಊರಿನ ನೀರು ತಡೆದ ಅಪರಾಧ ಅವರದೇ. ಎಂಜಿನಿಯರರ ಫೋನು ಹತ್ತಲಿಲ್ಲ. ರೋಷನಬಿಯವರು ವಾಲಿನ ಗುಂಡಿಯ ಮುಚ್ಚಳದ ಮೇಲೆ ಕುಳಿತುಬಿಟ್ಟರು.

ನಾಲ್ಕು ಹೊಡೆಯಿತು. ಖಾಲಿ ಕೊಡಗಳು ಸುತ್ತ ನೆರೆದವು, ಬೈಗುಳವೂ ನೆರೆಯಿತು. ಖಾಸಿಂಸಾಬ ಎಲ್ಲರ ಎದುರು ಅಕ್ಕನ ಕಾಲು ಹಿಡಿದ. ಅವರು ಅತ್ತರು, ಆದರೆ ಏಳಲಿಲ್ಲ. ಎಂಜಿನಿಯರರು ಬಂದದ್ದು ಆರು ಗಂಟೆಗೆ. ಮರುದಿನ ಶೀಸೆ ಕಪ್ಪಾಯಿತು. ಚರಂಡಿಯೊಳಗೆ ಹಾದುಹೋಗಿದ್ದ ಕೊಳವೆ ಒಡೆದಿತ್ತು.

ಮೂರು ಮಕ್ಕಳಲ್ಲಿ ಇಬ್ಬರು ಮನೆಗೆ ಬಂದರು, ಮಲಿಕಾ ಅವರಲ್ಲೊಬ್ಬಳು. ಎರಡು ವರ್ಷದ ಆನಂದ ಬರಲಿಲ್ಲ. ರೋಷನಬಿಯವರು ಮುಚ್ಚಳದ ಮೇಲೆ ಕುಳಿತಿದ್ದಾಗಲೇ ಆ ಕೂಸು ಕಣ್ಣು ಮುಚ್ಚಿತ್ತು.

ತಮ್ಮನ ರೇಷ್ಮೆ ಹಾಳಾಯಿತು. ಕ್ಲೋರಿನ್ನಿನ ಕಸುವು ಕಳೆಯುವ ಪುಡಿಯನ್ನು ಬಣ್ಣದ ಹಂಡೆಗೆ ಎಷ್ಟು ಹಾಕಬೇಕೆಂದು ಅವರೇ ಮನೆಮನೆಗೆ ಹೋಗಿ ಕಲಿಸಿದರು. ಮಾದರಿ ನೀರಿನ ಕ್ಲೋರಿನ್ ಕಳೆಯಲೆಂದು ಹಾಕುವ ಆ ಪುಡಿ ಹನ್ನೊಂದು ವರ್ಷ ಅವರ ಚೀಲದ ಮಾದರಿ ಶೀಸೆಗಳಲ್ಲೇ ಇತ್ತು. ಅಂದಿನಿಂದ ಯಾವ ಊರಿಗೆ ಯಾವ ದಿನ ಹೋಗುತ್ತಾರೆಂದು ಜೀಪಿನ ಡ್ರೈವರನಿಗೂ ಹೇಳಲಿಲ್ಲ. ಮನೆಯೊಳಗೆ ಹೋಗಿ, ಕುಡಿಯುವ ಕೊಡ ಯಾವುದೆಂದು ಮೊದಲು ಕೇಳಿದರು. ಇಂದು ಇಲಾಖೆಯ ನಾವೆಲ್ಲ ಹಾಗೆಯೇ ಕೇಳುತ್ತೇವೆ.

ಈ ಅಭಿನಂದನ ಗ್ರಂಥಕ್ಕೆ ಒಪ್ಪಿಗೆ ಪಡೆಯಲು ಹೋದಾಗ ಅವರು ಒಂದೇ ಷರತ್ತು ಹಾಕಿದರು.

"ಎಷ್ಟ ಬೇಕಾರ ಹೊಗಳ್ರಿ. ಆದ್ರ ಹನ್ನೊಂದ ವರ್ಷ ನಾ ಸಹಿ ಹಾಕಿದ್ದು ಯಾರೂ ಕುಡೀದ ನೀರಿಗಿ, ಅದನ್ನೂ ಬರೀರಿ. ಆನಂದನ ಹೆಸರ ಬಿಡಬ್ಯಾಡ್ರಿ."

ಬಿಟ್ಟಿಲ್ಲ, ಮೇಡಂ. ನಿಮಗೆ ದೀರ್ಘಾಯುಷ್ಯವಿರಲಿ, ಕಾಲಲ್ಲಿ ಕಸುವಿರಲಿ. ಹೇಳದೆ ಕೇಳದೆ ಇನ್ನೂ ನೂರು ಊರುಗಳ ಬಾಗಿಲು ತಟ್ಟುವಂತಾಗಲಿ. ಆನಂದ ಇದ್ದಿದ್ದರೆ ಈ ವರ್ಷ ಶಾಲೆಯ ಮೂರನೇ ಇಯತ್ತೆಯಲ್ಲಿರುತ್ತಿದ್ದ.