ಎರಡನೇ ಸಲದ ಉತ್ತರ

ಸರೋಜಕ್ಕ, ಆ ದಿನ ನಿಮ್ಮ ಉತ್ತರವನ್ನು ಬದಲಾಯಿಸಿದವನು ನಾನು. ನೀವಾಗಿಯೇ ಬದಲಾಯಿಸಿದಿರಿ ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡೆ—ಎಂಥ ನಾಚಿಕೆಗೆಟ್ಟ ಸುಳ್ಳು.

ಆಗ ನಾನು ಮನಸ್ಸಿನ ಕುಗ್ಗುವಿಕೆಯನ್ನು ಅಳೆಯುವ ಪ್ರಶ್ನಾವಳಿಯೊಂದನ್ನು ಕನ್ನಡಕ್ಕೆ ತಂದಿದ್ದೆ. ಅದನ್ನು ನಂಬಬಹುದೆಂದು ತೋರಿಸಲು, ಅದೇ ಜನರಿಗೆ ಕೆಲವು ವಾರ ಬಿಟ್ಟು ಅದೇ ಪ್ರಶ್ನೆಗಳನ್ನು ಮತ್ತೆ ಕೇಳಬೇಕು. ಎರಡು ಸಲದ ಅಂಕಗಳು ಹೊಂದಿದಷ್ಟೂ ಅಳತೆ ಗಟ್ಟಿ; ಪೂರ್ತಿ ಹೊಂದಿದರೆ ಲೆಕ್ಕ ಒಂದಕ್ಕೆ ಮುಟ್ಟುತ್ತದೆ. ನಡುವೆ ಯಾರ ಬದುಕಾದರೂ ಬದಲಾಗಿದ್ದರೆ ಅದನ್ನೂ ಕೇಳಿ ಬರೆದುಕೊಳ್ಳಬೇಕು—ಇದು ಮೊದಲ ಪಾಠ. ನನಗೆ ಬೇಕಿದ್ದುದು ಒಂದಕ್ಕೆ ಹತ್ತಿರದ ಒಂದು ಸಂಖ್ಯೆ, ಅದರ ಬೆನ್ನಿಗೆ ಡಾಕ್ಟರೇಟು.

ದೆಹಲಿಯಲ್ಲಿ ಕನ್ನಡ ಓದುವವರನ್ನು ಎಲ್ಲಿ ಹುಡುಕಲಿ? ಮಯೂರ್ ವಿಹಾರದ ನಿಮ್ಮ ಸೊಸೈಟಿಯ ಕನ್ನಡದ ಮನೆಗಳೇ ಗತಿ. ನಮ್ಮ ಹುಡುಗ ಓದುತ್ತಿದ್ದಾನೆ ಎಂದು ಎಲ್ಲರೂ ಕೂರಿಸಿ ಕಾಫಿ ಕೊಟ್ಟರು, ನನ್ನನ್ನು ಪಾಸು ಮಾಡಿಸುವವರ ಹಾಗೆ ಉತ್ತರಿಸಿದರು. ಆ ಪ್ರೀತಿಯೇ ಅಳತೆಯನ್ನು ಕೆಡಿಸುತ್ತದೆ ಎಂದು ಗೊತ್ತಿತ್ತು. ಗೊತ್ತಿದ್ದೂ ಕಾಫಿ ಕುಡಿದೆ.

ಬದುಕು ಸಾಕೆನಿಸುತ್ತದೆಯೇ ಎಂಬ ಪ್ರಶ್ನೆಗೆ ಮೊದಲ ಸಲ ನೀವು 'ಎಂದೂ ಇಲ್ಲ' ಎಂದಿದ್ದಿರಿ. ಎರಡನೇ ಸಲ ಪೆನ್ನು ಹಿಡಿದು ಪ್ರಶ್ನೆಯನ್ನು ಮತ್ತೊಮ್ಮೆ ಓದಿ, 'ಯಾವಾಗಲೂ' ಎಂಬಲ್ಲಿ ಗುರುತು ಹಾಕಿದಿರಿ. ಅದನ್ನು ನೋಡಿದೆ. ನೋಡಿ ನನಗೆ ಹೊಳೆದದ್ದೇನು? ನನ್ನ ಸಂಖ್ಯೆ ಕೆಟ್ಟಿತಲ್ಲ ಎಂದು.

"ಅಕ್ಕ, ಹೋದ ಸಲ ಹೀಗೆ ಹೇಳಿರ್ಲಿಲ್ವಲ್ಲ," ಎಂದೆ.

"ಹೌದಾ? ಅಚ್ಛಾ... ಹಾಗಾದ್ರೆ ಮೊದಲಿನದ್ದೇ ಹಾಕ್ಕೊಳಪ್ಪ. ನಿನ್ನ ಕೆಲಸ ಕೆಡೋದು ಬೇಡ."

ಹಾಕಿಕೊಂಡೆ. ನಡುವೆ ಏನಾಯಿತೆಂದು ಕೇಳಲಿಲ್ಲ—ಇವತ್ತಿಗೂ ನನಗೆ ಗೊತ್ತಿಲ್ಲ. ಆ ಚಳಿಗಾಲ ನೀವು ಮಾತ್ರೆ ನುಂಗಿ ಆಸ್ಪತ್ರೆ ಸೇರಿದ ಸುದ್ದಿ ಬಂದಾಗ ನಾನು ಯಾವುದೋ ಸಭೆಯಲ್ಲಿ ಸನ್ಮಾನದ ಶಾಲು ಹೊದ್ದು ಕೂತಿದ್ದೆ. ನೀವು ಬದುಕಿ ಉಳಿದಿರಿ. ಅದರಲ್ಲಿ ನನ್ನ ಪಾಲೇನೂ ಇಲ್ಲ.

ಈಗ ವಸಂತ್ ಕುಂಜ್‌ನಲ್ಲಿ ಮನೆ ಮಾಡಿ, ಉತ್ತರ ತಿದ್ದುವುದು ಮಹಾಪಾಪವೆಂದು ವಿದ್ಯಾರ್ಥಿಗಳಿಗೆ ಬೋಧಿಸುತ್ತೇನೆ. ಹೇಳೋದು ಶಾಸ್ತ್ರ, ತಿನ್ನೋದು ಬದನೇಕಾಯಿ. ನನ್ನ ಪ್ರಶ್ನಾವಳಿಯನ್ನು ಜನ ಇನ್ನೂ ನಂಬಿ ಬಳಸುತ್ತಾರೆ, ಪಾಪ. ಅದನ್ನು ಅಚ್ಚು ಹಾಕಿದವರಿಗೆ, ನಂಬಬೇಡಿ ಎಂದು ಬರೆದಿದ್ದೇನೆ. ನಿಮಗೆ ಹೇಳುವುದಕ್ಕಿಂತ ಅದು ಸುಲಭದ ಕೆಲಸ.

ಮೊನ್ನೆ ಮೆಟ್ರೋದಲ್ಲಿ ಸಿಕ್ಕಾಗ ಹೇಗಿದ್ದೀರಿ ಎಂದು ಕೇಳಿದೆ. ನೀವು ನನ್ನ ಮುಖವನ್ನೊಮ್ಮೆ ನೋಡಿ, "ಮೊದಲಿನ ಹಾಗೇ ಕಣಪ್ಪ," ಎಂದಿರಿ.

ಆ ಉತ್ತರವನ್ನು ನಿಮಗೆ ಕಲಿಸಿದವನು ನಾನು.