ಬೀದಿಗೆಲ್ಲ ಒಬ್ಬಳೇ ರೋಗಿ

ನಮ್ಮ ಬೀದಿಯಿಂದ ಡಾಕ್ಟರ ಹತ್ತಿರ ಹೋಗಬೇಕೆಂದರೆ ಎರಡು ಬಸ್ಸು ಬದಲಾಯಿಸಬೇಕು. ಹೋಗಿ ಬರುವಷ್ಟರಲ್ಲಿ ದಿನದ ಕೆಲಸ ಗೋತಾ. ಅದಕ್ಕೇ ಎಲ್ಲರೂ ಸೇರಿ ಒಂದು ಘನಂದಾರಿ ಉಪಾಯ ಮಾಡಿಕೊಂಡಿದ್ದರು. ಕಾಯಿಲೆ ಯಾರದೇ ಆಗಲಿ, ರೋಗಿ ಮಾತ್ರ ನಮ್ಮ ಚಿಕ್ಕಮ್ಮ.

ಚಿಕ್ಕಮ್ಮ ಷರಟುಗಳಿಗೆ ಗುಂಡಿ ತೂರಿಸುವ ಕಾಜಾ ಹಾಕುವವಳು. ಬಸ್ಸಿನಲ್ಲಿ ಅವಳಿಗೆ ವಾಂತಿಯಾಗದು, ಬಾಯಿಯೂ ಜೋರು. ಇಸ್ತ್ರಿಯವನ ಕೆಮ್ಮು, ನನ್ನಮ್ಮನ ಮಂಡಿನೋವು, ಎದುರುಮನೆ ಅಜ್ಜಿಯ ತಲೆಸುತ್ತು ಎಲ್ಲವನ್ನೂ ತನ್ನದೇ ಎಂಬಂತೆ ಹೇಳುವಳು. ಕೆಮ್ಮಿ ತೋರಿಸುವಳು, ಕುಂಟಿ ತೋರಿಸುವಳು, ಚೀಲದ ತುಂಬ ಮಾತ್ರೆ ತಂದು ಹಂಚುವಳು. ಇಷ್ಟೆಲ್ಲ ಕಾಯಿಲೆ ಇಟ್ಟುಕೊಂಡು ಈಕೆ ಗುಂಡುಕಲ್ಲಿನ ಹಾಗೆ ಹೇಗಿದ್ದಾಳೆ ಎಂದು ಆ ಡಾಕ್ಟರಿಗೆ ಯಾಕೆ ಅನುಮಾನ ಬರಲಿಲ್ಲವೋ, ದೇವರೇ ಬಲ್ಲ!

ಒಂದು ಸಲ ಚಿಕ್ಕಪ್ಪನ ಸರದಿ ಬಂತು. ಅವರು ದರ್ಜಿ. ಮೆಟ್ಟಿಲು ಹತ್ತಿದರೆ ಎದೆ ಹಿಂಡುತ್ತದೆ, ಎಡಗೈ ಜೋಮು ಹಿಡಿಯುತ್ತದೆ ಎನ್ನುತ್ತಿದ್ದರು. ಚಿಕ್ಕಮ್ಮ ಜೊತೆಗೆ ಕರೆದರೆ, "ಎರಡು ಬಸ್ಸಾ? ಬರೀ ಗ್ಯಾಸು ಕಣೇ. ನೀನೇ ಹೇಳಿ ಮಾತ್ರೆ ತಗೊಂಡ್ ಬಾ" ಎಂದು, ಜಪ್ಪಯ್ಯ ಅಂದರೂ ಮಿಷನ್ನು ಬಿಟ್ಟು ಏಳಲಿಲ್ಲ.

ಸಂಜೆ ಚಿಕ್ಕಮ್ಮ ಕುಣಿಯುತ್ತಲೇ ಬಂದಳು. "ರೀ, ಮಲಗ್ಸಿ, ಎದೆ ತುಂಬಾ ವೈರು ಅಂಟ್ಸಿ ನೋಡಿದ್ರು. ಹಾರ್ಟು ಫಸ್ಟ್ ಕ್ಲಾಸಂತೆ! ಮಾತ್ರೇನೂ ಬೇಡ್ವಂತೆ!"

"ನಾನ್ ಹೇಳ್ಲಿಲ್ವಾ?" ಎನ್ನುತ್ತ ಚಿಕ್ಕಪ್ಪ ಅಂಗಡಿಯ ಮೂಲೆಯಲ್ಲಿ ಬಿದ್ದಿದ್ದ ಬಟ್ಟೆಯ ಮೂಟೆಯನ್ನು ಹೆಗಲಿಗೇರಿಸಿ ಮಹಡಿ ಮೆಟ್ಟಿಲು ಹತ್ತತೊಡಗಿದರು. ಚಿಕ್ಕಮ್ಮ ಹೆಮ್ಮೆಯಿಂದ ನೋಡುತ್ತ ನಿಂತಳು. ನನಗೆ ತಲೆ ಕೆಟ್ಟುಹೋಯಿತು.

"ಚಿಕ್ಕಮ್ಮ, ವೈರು ಅಂಟ್ಸಿದ್ದು ಯಾರ ಎದೆಗೆ?"

"ನನ್ನೆದೆಗೇ, ಇನ್ಯಾರ..."

ಅಷ್ಟೇ. ಆ ಮಾತಿನ ಮಲ್ಲಿ ಧಡಧಡ ಮೆಟ್ಟಿಲು ಹತ್ತಿ ಮೂಟೆ ಕಿತ್ತೆಸೆದಳು. ಚಿಕ್ಕಪ್ಪ ಬೆವರಿ ನೀರಾಗಿ, ಎದೆ ಹಿಡಿದು ಅಲ್ಲೇ ಕುಸಿದು ಕೂತರು.

"ಅಯ್ಯೋ, ನಿಮ್ಮ ನೋವನ್ನ ಹೊತ್ಕೊಂಡ್ ಹೋದೆ, ಎದೇನ ಇಲ್ಲೇ ಬಿಟ್ಟು ಹೋದ್ನಲ್ರೀ!" ಎಂದು ಚಿಕ್ಕಮ್ಮ ಗಳಗಳ ಅತ್ತಳು.

"ಬಸ್ಸು ಎಷ್ಟೊತ್ತಿಗೆ?" ಎಂದರು ಚಿಕ್ಕಪ್ಪ, ಏದುಸಿರು ಬಿಡುತ್ತ.

"ಬಸ್ಸಂತೆ ಬಸ್ಸು!" ಎಂದು ರೇಗಿ ನಾನೇ ಓಡಿ ಆಟೋ ತಂದೆ.

ಡಾಕ್ಟರು ಈ ಸಲ ಸರಿಯಾದ ಎದೆಗೇ ವೈರು ಅಂಟಿಸಿದರು. "ಇನ್ನೂ ತಡ ಮಾಡಿದ್ರೆ ಕೈ ಮೀರಿ ಹೋಗ್ತಿತ್ತು" ಎಂದು ಗದರಿ, ಸೂಜಿ ಚುಚ್ಚಿ, ನೋವು ಎಲ್ಲಿಂದ ಶುರುವಾಗುತ್ತದೆ ಎಂದು ಕೇಳಿದರು. ಚಿಕ್ಕಪ್ಪ ಅಭ್ಯಾಸಬಲದಿಂದ ಹೆಂಡತಿಯ ಮುಖ ನೋಡಿದರು.

ಚಿಕ್ಕಮ್ಮ ಅವರ ಕೈ ಗಟ್ಟಿಯಾಗಿ ಹಿಡಿದುಕೊಂಡಳು. "ನೀವೇ ಹೇಳ್ರೀ."